ಮೆಷಿನ್ ಮಾರುವುದು ಬಿಟ್ಟು ಗಾಳಿ ಮಾರುವುದಾದರೆ: ಡಿಸೈನ್ ಎಲ್ಲಿಂದ ಶುರು ಮಾಡಬೇಕು

ಮೊದಲು ಒಂದು ಪ್ರಶ್ನೆ. ನೀವು ಮಾರಿದ ಮೆಷಿನ್ ಕೆಟ್ಟು ನಿಂತರೆ ನಿಮ್ಮ ಕಂಪನಿಗೆ ಲಾಭವೋ ನಷ್ಟವೋ?

ಬಹಳ ಕಡೆ ಲಾಭ. ಸ್ಪೇರ್ ಪಾರ್ಟ್ ಹೋಗುತ್ತದೆ, ವಿಸಿಟ್ ಚಾರ್ಜ್ ಬರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ನಾನು ವರ್ಷಗಟ್ಟಲೆ ಸ್ಕ್ರೂ ಕಂಪ್ರೆಸರ್ (ತಿರುಗುವ ಸ್ಕ್ರೂಗಳಿಂದ ಗಾಳಿಯನ್ನು ಒತ್ತಿ ಫ್ಯಾಕ್ಟರಿಗೆ ಕೊಡುವ ಮೆಷಿನ್) ಸರ್ವಿಸ್ ಮಾಡಿಕೊಂಡಿದ್ದವನು. ಈಗ ಅವನ್ನು ಡಿಸೈನ್ ಮಾಡುವವರ ಜೊತೆ ಕೂರುತ್ತೇನೆ. ಎರಡೂ ಕಡೆ ಇದ್ದು ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಮೆಷಿನ್ ಮಾರುವ ಬದಲು ಅದು ಮಾಡುವ ಕೆಲಸವನ್ನು ಮಾರಲು ಹೊರಟ ದಿನವೇ ಈ ಲೆಕ್ಕ ತಲೆಕೆಳಗಾಗುತ್ತದೆ. ಕೆಟ್ಟರೆ ಖರ್ಚು ನಿಮ್ಮ ತಲೆಗೇ. ರಿಪೇರಿಗೆ ಹಿಡಿಯುವ ಒಂದೊಂದು ನಿಮಿಷವೂ ನಿಮ್ಮದೇ ಜೇಬಿನಿಂದ. ಹಾಗಿರುವಾಗ ಕಾಂಟ್ರಾಕ್ಟ್ ಮಾತ್ರ ಹೊಸದು ಮಾಡಿ, ಹಳೇ ಡ್ರಾಯಿಂಗ್‌ನ ಮೆಷಿನ್ನನ್ನೇ ಕೊಟ್ಟರೆ ಮುಳುಗುವುದು ಗ್ಯಾರಂಟಿ.

ಐಡಿಯಾ ಹೊಸದೇನಲ್ಲ. 1959ರಲ್ಲಿ ಬಂದ ಝೆರಾಕ್ಸ್ 914 ಕಾಪಿಯರ್ ಹೆಚ್ಚಾಗಿ ಹೋಗಿದ್ದು ತಿಂಗಳ ಬಾಡಿಗೆಗೆ. 2,000 ಕಾಪಿ ದಾಟಿದ ಮೇಲೆ ಪ್ರತಿ ಕಾಪಿಗೂ ದುಡ್ಡು. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ತನ್ನ ವೈಪರ್ ಜೆಟ್ ಎಂಜಿನ್ ಉಸ್ತುವಾರಿಗೆ ಹಾರಾಟದ ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳಲು ಶುರು ಮಾಡಿತು. ಆ ಕಂಪನಿಯನ್ನು ಮುಂದೆ ರೋಲ್ಸ್-ರಾಯ್ಸ್ ಕೊಂಡಿತು. 'ಪವರ್ ಬೈ ದ ಅವರ್' ಅಂದರೆ ಈಗ ಎಲ್ಲರಿಗೂ ನೆನಪಾಗುವುದು ರೋಲ್ಸ್-ರಾಯ್ಸೇ. ಈ ಬದಲಾವಣೆಗೆ ಸರ್ವಿಟೈಸೇಷನ್ ಅನ್ನುವ ಹೆಸರು ಬಂದದ್ದು 1988ರಲ್ಲಿ, ಸಾಂಡ್ರಾ ವಾಂಡರ್‌ಮರ್ವ್ ಮತ್ತು ಹುವಾನ್ ರಾಡಾ ಬರೆದ ಲೇಖನದಿಂದ. ನನಗೆ ಗೊತ್ತಿರುವುದು ಕಂಪ್ರೆಸರ್, ಹಾಗಾಗಿ ಉದಾಹರಣೆ ಎಲ್ಲ ಅದರದ್ದೇ. ನಿಮ್ಮದು ಪಂಪೋ ಲಿಫ್ಟೋ ಆಗಿದ್ದರೆ ಹೆಸರು ಬದಲಾಯಿಸಿಕೊಂಡು ಓದಿ.

ಡ್ರಾಯಿಂಗ್ ತೆರೆಯುವ ಮೊದಲು: ಏನನ್ನು ಅಳೆದು ಮಾರುತ್ತೀರಿ?

ಇದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇದು ಗಟ್ಟಿಯಾಗುವ ತನಕ ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್) ಮುಟ್ಟಬೇಡಿ.

ಕಂಪ್ರೆಸರ್‌ಗೆ ಮೂರು ದಾರಿ ಇವೆ. ಓಡಿದ ಗಂಟೆಗೆ ದುಡ್ಡು, ಕೊಟ್ಟ ಗಾಳಿಯ ಘನ ಮೀಟರ್‌ಗೆ ದುಡ್ಡು, ಅಥವಾ 'ಯಾವಾಗ ಬೇಕಾದರೂ ಗಾಳಿ ಇರುತ್ತದೆ' ಅನ್ನುವ ಭರವಸೆಗೆ ದುಡ್ಡು. ಗಂಟೆ ಲೆಕ್ಕ ಸುಲಭ, ಆದರೆ ಗ್ರಾಹಕರಿಗೆ ಅನ್ಯಾಯ. ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲಿ ಸುಮ್ನೆ ತಿರುಗುತ್ತಿದ್ದರೂ ಫುಲ್ ಲೋಡ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕರೆಂಟ್ ತಿನ್ನುತ್ತದೆ. ಗಾಳಿ ಮಾತ್ರ ಸೊನ್ನೆ. ಆ ಗಂಟೆಗೂ ಬಿಲ್ ಹಾಕುತ್ತೀರಾ?

ಘನ ಮೀಟರ್ ಲೆಕ್ಕ ನ್ಯಾಯವಾದದ್ದು. ಜರ್ಮನಿಯ ಕೇಸರ್ ಕಂಪನಿ ಹೀಗೇ ಗಾಳಿ ಮಾರುತ್ತದೆ. ಆದರೆ ಇಲ್ಲೂ ಒಂದು ಗಂಟು ಇದೆ. ಸರಿಯಾಗಿ ನೋಡಿಕೊಳ್ಳದ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ಕೊಡುವ ಗಾಳಿಯಲ್ಲಿ 20ರಿಂದ 30 ಶೇಕಡಾ ಲೀಕ್ ಆಗಿ ಹೋಗುವುದು ಮಾಮೂಲಿ. ಮೀಟರ್ ಕಂಪ್ರೆಸರ್ ಬಾಯಲ್ಲೇ ಇದ್ದರೆ ಲೀಕ್ ಜಾಸ್ತಿ ಆದಷ್ಟೂ ನಿಮಗೆ ವ್ಯಾಪಾರ ಜಾಸ್ತಿ. ಗ್ರಾಹಕರಿಗೆ ಇದು ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ಲೀಕ್ ಹುಡುಕಿ ಕೊಡುವ ಕೆಲಸವನ್ನೂ ಸರ್ವಿಸ್‌ನಲ್ಲೇ ಸೇರಿಸಿ, ಅದರಿಂದ ಉಳಿಯುವ ದುಡ್ಡನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಳ್ಳುವುದು ಮೇಲು.

ಭರವಸೆಯ ಲೆಕ್ಕಕ್ಕೆ ಹೋಗುವವರು ಮೊದಲು ಕ್ಯಾಲ್ಕುಲೇಟರ್ ತೆಗೆಯಿರಿ. ವರ್ಷಕ್ಕೆ 8,760 ಗಂಟೆ. 99.5 ಶೇಕಡಾ ಅಂತ ಸಹಿ ಹಾಕಿದರೆ ವರ್ಷಕ್ಕೆ 44 ಗಂಟೆಯೂ ನಿಲ್ಲುವ ಹಾಗಿಲ್ಲ. ಫೋನ್ ಬಂದ ಕ್ಷಣದಿಂದ ಗಡಿಯಾರ ಓಡುತ್ತದೆ. ಟೆಕ್ನೀಷಿಯನ್ ದಾರಿಯಲ್ಲಿ ಕಳೆಯುವ ಹೊತ್ತು, ಪಾರ್ಟ್ ಬರುವ ತನಕ ಕಾಯುವ ಹೊತ್ತು ಎಲ್ಲ ಅದರೊಳಗೇ.

ಅದೇ ಹಾಳೆಯಲ್ಲಿ ಇನ್ನೂ ಕೆಲವು ಸೇರಬೇಕು. ಗಾಳಿ ಎಷ್ಟು ಬಾರ್ ಒತ್ತಡದಲ್ಲಿ, ಯಾವ ಜಾಗದಲ್ಲಿ ಅಳೆದದ್ದು? ಧೂಳು, ನೀರು, ಎಣ್ಣೆ ಎಷ್ಟಿರಬಹುದು? ಇದಕ್ಕೆ ಗಾಳಿಯ ಶುದ್ಧತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8573-1ರ ಕ್ಲಾಸ್ ನಂಬರ್ ಬರೆದುಬಿಡಿ, ವಾದ ಇರುವುದಿಲ್ಲ. ಕೋಣೆಯ ಬಿಸಿ ಗಾಳಿ ಹೊರಗೆ ಹಾಕುವ ಜವಾಬ್ದಾರಿ ಯಾರದ್ದು? ಇದನ್ನು ಮರೆಯುವವರೇ ಜಾಸ್ತಿ. ಎಣ್ಣೆ ಹಾಕುವ ಸ್ಕ್ರೂ ಮೆಷಿನ್‌ಗಳು ಸಾಮಾನ್ಯವಾಗಿ ಸುಮಾರು 110 ಡಿಗ್ರಿ ಮುಟ್ಟಿದರೆ ಟ್ರಿಪ್ ಆಗಿ ತಾವಾಗೇ ನಿಲ್ಲುತ್ತವೆ. ಡಕ್ಟ್ ಮುಂದೆ ಯಾರೋ ರಟ್ಟಿನ ಡಬ್ಬ ಪೇರಿಸಿಟ್ಟರೆ ಸಾಕು, ನಿಮ್ಮ 44 ಗಂಟೆ ಕರಗಲು ಶುರು.

ಟೇಬಲ್ ಸುತ್ತ ಯಾರು ಕೂರಬೇಕು

ಬೋಯಿಂಗ್ 777 ವಿಮಾನದ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1990ರಲ್ಲಿ ಬೋಯಿಂಗ್ ಎಂಟು ಏರ್‌ಲೈನ್‌ಗಳನ್ನು ಕರೆಸಿ, ನಿಮಗೆ ಎಂಥ ವಿಮಾನ ಬೇಕು ಅಂತ ಕೇಳಿತು. ಅವರ ಜನ ಡಿಸೈನ್ ನಡೆಯುವಾಗಲೂ ಜೊತೆಗಿದ್ದರು. ಒಂದೊಂದು ಭಾಗಕ್ಕೂ ಒಂದೊಂದು ತಂಡ, ಅದರಲ್ಲಿ ಡಿಸೈನ್‌ನವರ ಜೊತೆ ತಯಾರಿಕೆಯವರು, ಸಪ್ಲೈಯರ್‌ಗಳು, ಏರ್‌ಲೈನ್‌ನವರು. 1994ರ ಜೂನ್‌ನಲ್ಲಿ ಮೊದಲ ಹಾರಾಟ, ಮರುವರ್ಷ ಜೂನ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಪ್ರಯಾಣಿಕರ ಸೇವೆ.

ನಿಮ್ಮ ಮಟ್ಟಕ್ಕೆ ಇಳಿಸಿದರೆ ಐದಾರು ಜನ ಸಾಕು. ಡಿಸೈನರ್, ಸರ್ವಿಸ್ ಟೆಕ್ನೀಷಿಯನ್, ಗ್ರಾಹಕರ ಕಡೆಯ ಆಪರೇಟರ್, ಮುಖ್ಯ ಸಪ್ಲೈಯರ್, ಮತ್ತು ಅಕೌಂಟ್ಸ್‌ನಿಂದ ಒಬ್ಬರು. ಗ್ರಾಹಕರ ಪರ್ಚೇಸ್ ಮ್ಯಾನೇಜರ್ ಬಂದು ಕೂತರೆ ಆಪರೇಟರ್ ಬಂದ ಹಾಗೆ ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಅಲಾರ್ಮ್ ಕೇಳಿಸಿಕೊಳ್ಳುವವರು ಬೇಕು.

ಟೆಕ್ನೀಷಿಯನ್‌ಗಳನ್ನು ಮಾತಾಡಿಸುವುದು ಒಂದು ಕಲೆ. ಮೀಟಿಂಗ್ ರೂಮಿನಲ್ಲಿ 'ಏನಾದರೂ ಸಮಸ್ಯೆ ಇದೆಯಾ?' ಅಂದರೆ 'ಏನಿಲ್ಲ ಸಾರ್' ಅನ್ನುತ್ತಾರೆ. ಮೆಷಿನ್ ಮುಂದೆ ನಿಲ್ಲಿಸಿ ಕೇಳಿ, ಬೈಗುಳದ ಸಮೇತ ಎಲ್ಲ ಹೊರಗೆ ಬರುತ್ತದೆ.

ನಾವು ಮಾಡುವುದು ಹೀಗೆ. ಈಗಿರುವ ಮಾಡೆಲ್ ಒಂದನ್ನು ಶಾಪ್ ಫ್ಲೋರ್‌ನಲ್ಲಿ ನಿಲ್ಲಿಸುತ್ತೇವೆ. ಟೆಕ್ನೀಷಿಯನ್‌ಗೆ ಒಂದು ಕೆಲಸ ಕೊಡುತ್ತೇವೆ. ಸೆಪರೇಟರ್ ಬದಲಾಯಿಸುವುದು ಅಂತಿಟ್ಟುಕೊಳ್ಳಿ. ಡಿಸೈನರ್ ಕೈಗೆ ಮೊಬೈಲ್ ಕ್ಯಾಮೆರಾ. ಮಾತಾಡುವ ಹಾಗಿಲ್ಲ, ಸಹಾಯ ಮಾಡುವ ಹಾಗಿಲ್ಲ. ಸೆಪರೇಟರ್ ಎಲಿಮೆಂಟ್ ಇರುವುದು ಟ್ಯಾಂಕ್ ಒಳಗೆ, ಮುಚ್ಚಳದ ಕೆಳಗೆ. ಎಣ್ಣೆಯನ್ನು ಗಾಳಿಯಿಂದ ಬೇರೆ ಮಾಡುವುದು ಇದೇ. ಮುಚ್ಚಳದ ಮೇಲೆ ಮಿನಿಮಮ್ ಪ್ರೆಷರ್ ವಾಲ್ವ್, ಅದಕ್ಕೊಂದು ದಪ್ಪ ಪೈಪ್, ಪಕ್ಕದಲ್ಲಿ ಎಣ್ಣೆ ವಾಪಸ್ ಎಳೆಯುವ ಸಣ್ಣ ಲೈನ್. ಎಲ್ಲ ಬಿಚ್ಚಬೇಕು. ಮುಚ್ಚಳ ಭಾರ, ಒಬ್ಬರಿಂದ ಎತ್ತಲು ಆಗುವುದಿಲ್ಲ, ಇನ್ನೊಬ್ಬರನ್ನು ಕರೆಯಬೇಕು. ಹಳೇ ಎಲಿಮೆಂಟ್ ತೆಗೆದು ಹೊಸದು ಇಡುವುದು ಎರಡೇ ನಿಮಿಷದ ಕೆಲಸ. ಉಳಿದದ್ದೆಲ್ಲ ಅಲ್ಲಿಗೆ ಕೈ ಮುಟ್ಟಿಸುವ ಸರ್ಕಸ್.

ವಿಡಿಯೋ ನೋಡುತ್ತಾ ನಿಮಿಷಗಳನ್ನು ನಾಲ್ಕು ಪಾಲು ಮಾಡಿ: ತಲುಪುವುದು, ಮಾಡುವುದು, ಮುಚ್ಚುವುದು, ಪರೀಕ್ಷೆ ಮಾಡುವುದು. ಮೊದಲನೆಯದೂ ಮೂರನೆಯದೂ ಡಿಸೈನರ್ ಕೈಯಲ್ಲಿವೆ. ಮುಚ್ಚಳಕ್ಕೆ ಪಕ್ಕಕ್ಕೆ ತಿರುಗುವ ತೋಳು ಕೊಟ್ಟರೆ ಎರಡನೇ ಮನುಷ್ಯ ಬೇಡ. ವಾಲ್ವನ್ನು ಮುಚ್ಚಳದಿಂದ ಬೇರೆ ಕಡೆ ಕೂರಿಸಿದರೆ ದಪ್ಪ ಪೈಪ್ ಬಿಚ್ಚುವುದೇ ಬೇಡ. ಆಮೇಲೆ ಇದನ್ನು ಬೇಡಿಕೆಯಾಗಿ ಬರೆಯಿರಿ: 'ಸೆಪರೇಟರ್ ಬದಲಾವಣೆ, ಒಬ್ಬರು, ಸಾದಾ ಸ್ಪ್ಯಾನರ್, ದೊಡ್ಡ ಪೈಪ್ ಬಿಚ್ಚದೆ, 40 ನಿಮಿಷ.' 'ಸರ್ವಿಸ್ ಸುಲಭವಾಗಿರಬೇಕು' ಅಂತ ಬರೆದರೆ ಯಾರೂ ಓದುವುದಿಲ್ಲ.

ಇನ್ನೊಂದು ವಿಷಯ ಇಂಥ ಕಡೆಯೇ ಹೊರಬರುತ್ತದೆ. ಈ ಸೆಪರೇಟರ್‌ನ ಗ್ಯಾಸ್ಕೆಟ್‌ನಲ್ಲಿ ಒಂದು ಪುಟ್ಟ ಸ್ಟೇಪಲ್ ಪಿನ್ ಇರುತ್ತದೆ. ಗೊತ್ತಿಲ್ಲದವರು ಪ್ಯಾಕಿಂಗ್‌ದು ಅಂದುಕೊಂಡು ಕಿತ್ತು ಬಿಸಾಕುತ್ತಾರೆ. ಎಲಿಮೆಂಟ್‌ನಲ್ಲಿ ಹುಟ್ಟುವ ಸ್ಟ್ಯಾಟಿಕ್ ಆ ಪಿನ್ ಮೂಲಕವೇ ಟ್ಯಾಂಕ್‌ಗೆ ಇಳಿದು ಅರ್ಥ್ ಆಗುವುದು. ಅದಿಲ್ಲದಿದ್ದರೆ ಒಳಗೆ ಕಿಡಿ ಹಾರಬಹುದು, ಎಣ್ಣೆಗೆ ಬೆಂಕಿ ಹತ್ತಬಹುದು. ಹಳೇ ಮೆಕ್ಯಾನಿಕ್‌ಗಳಿಗೆಲ್ಲ ಇದು ಗೊತ್ತು. ಕ್ಯಾಡ್ ಮಾಡೆಲ್‌ನಲ್ಲಿ ಗ್ಯಾಸ್ಕೆಟ್ ಅಂದರೆ ಒಂದು ಉಂಗುರ, ಅಷ್ಟೇ.

ಶೀಟ್ ಮೆಟಲ್ ಆರ್ಡರ್ ಮಾಡುವ ಮೊದಲು ನಿಜ ಅಳತೆಯಲ್ಲಿ ಪ್ಲೈವುಡ್ ಮತ್ತು ರಟ್ಟಿನಿಂದ ಒಂದು ಮಾದರಿ ಮಾಡಿ. ಕಂಪ್ಯೂಟರ್ ಪರದೆಯಲ್ಲಿ ಕೈ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಗ್ಲೌಸ್ ಹಾಕಿದ ಕೈ ಹೋಗುವುದಿಲ್ಲ.

ಫೈಲ್ ಮತ್ತು ಡ್ರಾಯಿಂಗ್

ಇದರಲ್ಲಿ ಉದ್ದ ಹೇಳುವಂಥದ್ದು ಕಡಿಮೆ. ಸಪ್ಲೈಯರ್ ಹತ್ತಿರ ನಿಮ್ಮದೇ ಸಾಫ್ಟ್‌ವೇರ್ ಇರುತ್ತದೆ ಅಂದುಕೊಳ್ಳಬೇಡಿ, ಬೇರೆ ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಸ್ಟೆಪ್ ಫೈಲ್ ಕಳಿಸಿ. ಎಪಿ 242 ಮಾದರಿಯದ್ದಾದರೆ ಆಕಾರದ ಜೊತೆ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅನ್ನುವುದು) ಕೂಡ ಹೋಗುತ್ತದೆ. ಅಸಲಿ ಮಾಡೆಲ್ ಒಂದೇ ಕಡೆ ಇರಲಿ. ವಾಟ್ಸಾಪ್‌ನಲ್ಲಿ 'ಫೈನಲ್', 'ಫೈನಲ್ 2' ಅಂತ ಓಡಾಡಿದರೆ ಕೆಟ್ಟಿತು. ಪ್ರತಿ ಕಾಮೆಂಟ್‌ಗೂ ಒಬ್ಬರ ಹೆಸರು, ಒಂದು ತಾರೀಕು. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಒಂದು ಸಾಲು ಬರೆಯಲೇಬೇಕು. ತನ್ನ ಸಲಹೆ ಏನಾಯಿತು ಅಂತ ಗೊತ್ತಾಗದ ಟೆಕ್ನೀಷಿಯನ್ ಮುಂದಿನ ಸಲ ಬಾಯಿ ತೆರೆಯುವುದಿಲ್ಲ.

ಕರೆಂಟ್ ಬಿಲ್ ಯಾರದು?

ಕಂಪ್ರೆಸರ್‌ನ ಇಡೀ ಆಯುಸ್ಸಿನ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್‌ದು. ಕೊಂಡ ಬೆಲೆ ಅದರ ಮುಂದೆ ಚಿಕ್ಕದು. ಒತ್ತಡವನ್ನು ಒಂದು ಬಾರ್ ಏರಿಸಿದರೆ ಕರೆಂಟ್ ಸುಮಾರು 7 ಶೇಕಡಾ ಜಾಸ್ತಿ.

ಗಾಳಿ ನಿಮ್ಮದು, ಕರೆಂಟ್ ಗ್ರಾಹಕರದ್ದು ಅಂತ ಒಪ್ಪಂದ ಇದ್ದರೆ ನೀವು ಒಳ್ಳೆ ಮೋಟರ್‌ಗೆ, ದೊಡ್ಡ ಕೂಲರ್‌ಗೆ ಯಾಕೆ ಖರ್ಚು ಮಾಡುತ್ತೀರಿ? ಮಾಡುವುದಿಲ್ಲ. ಡಿಸೈನರ್ ಎಷ್ಟೇ ಒಳ್ಳೆಯವರಾದರೂ ಒಪ್ಪಂದ ಎಳೆದ ಕಡೆಗೇ ಡ್ರಾಯಿಂಗ್ ಹೋಗುತ್ತದೆ. ನನ್ನ ಸಲಹೆ: ಕರೆಂಟ್ ಬಿಲ್ ನೀವೇ ಕಟ್ಟಿ, ಇಲ್ಲವೇ ಒಂದು ಘನ ಮೀಟರ್‌ಗೆ ಇಷ್ಟೇ ಯೂನಿಟ್ ಅಂತ ಮಾತು ಕೊಡಿ. ಆಗ ಅಕೌಂಟ್ಸ್‌ನವರೇ ಬಂದು ಒಳ್ಳೆ ಮೋಟರ್ ಹಾಕಿ ಅನ್ನುತ್ತಾರೆ. ಅವರನ್ನು ಟೇಬಲ್‌ಗೆ ಕರೆಯಿರಿ ಅಂದದ್ದು ಇದಕ್ಕೇ.

ಸೆನ್ಸರ್: ಕಡಿಮೆ ಇರಲಿ

ಪ್ರತಿ ಸೆನ್ಸರ್‌ಗೂ ಒಂದು ಪ್ರಶ್ನೆ ಕೇಳಿ. ಈ ನಂಬರ್ ಬದಲಾದರೆ ಯಾರು ಏನು ಮಾಡುತ್ತಾರೆ? ಉತ್ತರ ಇಲ್ಲದಿದ್ದರೆ ಆ ಸೆನ್ಸರ್ ಬೇಡ. ಸೆನ್ಸರ್ ಕೂಡ ಕೆಡುತ್ತದೆ, ಅದಕ್ಕೂ ಯಾರೋ ಹೋಗಬೇಕು.

ಕಂಪ್ರೆಸರ್‌ಗೆ ನಾನು ಬಿಡದೆ ಹಾಕಿಸುವುದು ಇವು: ಡಿಸ್ಚಾರ್ಜ್ ಬಿಸಿ (ಒತ್ತಿದ ಗಾಳಿ ಹೊರಬರುವ ಕಡೆಯ ಬಿಸಿ), ಲೋಡ್ ಮತ್ತು ಅನ್‌ಲೋಡ್ ಗಂಟೆ, ಸೆಪರೇಟರ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ. ಹೊಸ ಎಲಿಮೆಂಟ್‌ನಲ್ಲಿ ಈ ವ್ಯತ್ಯಾಸ ಸುಮಾರು 0.2 ಬಾರ್ ಇರುತ್ತದೆ. ಒಂದು ಬಾರ್ ಹತ್ತಿರ ಬಂದರೆ ಬದಲಾಯಿಸುವ ಹೊತ್ತು. ಏರಿಕೆ ನಿಧಾನವಾಗಿದ್ದರೆ ಮುಂದಿನ ಮಾಮೂಲಿ ಭೇಟಿಯಲ್ಲೇ ಕೆಲಸ ಮುಗಿಸಬಹುದು. ಇದ್ದಕ್ಕಿದ್ದ ಹಾಗೆ ಸೊನ್ನೆಗೆ ಇಳಿದರೆ ಎಲಿಮೆಂಟ್ ಹರಿದಿರಬಹುದು, ಎಣ್ಣೆ ಗ್ರಾಹಕರ ಲೈನಿಗೆ ಹೋಗುತ್ತಿರಬಹುದು. ಆವತ್ತೇ ಹೊರಡಿ.

ಡೇಟಾ ಯಾರದು ಅನ್ನುವುದನ್ನೂ ಡಿಸೈನ್ ಹಂತದಲ್ಲೇ ತೀರ್ಮಾನ ಮಾಡಿ. ಯುರೋಪಿಯನ್ ಒಕ್ಕೂಟದಲ್ಲಿ ಡೇಟಾ ಆಕ್ಟ್ 2025ರ ಸೆಪ್ಟೆಂಬರ್ 12ರಿಂದ ಜಾರಿಗೆ ಬಂದಿದೆ. ಮೆಷಿನ್ ಬಳಸುವವರು ಅದು ಹುಟ್ಟಿಸುವ ಡೇಟಾ ಕೇಳಿದರೆ ಕೊಡಬೇಕು. ಅಲ್ಲಿಗೆ ಮಾರುವ ಯೋಚನೆ ಇದ್ದರೆ ಡೇಟಾ ಹೊರತೆಗೆಯುವ ದಾರಿ ಮೊದಲ ಬೋರ್ಡ್‌ನಲ್ಲೇ ಇರಲಿ.

ವಾಪಸ್ ಬರುವ ಮೆಷಿನ್

ಒಪ್ಪಂದ ಮುಗಿದ ದಿನ ಮೆಷಿನ್ ನಿಮ್ಮ ಬಾಗಿಲಿಗೇ ಬರುತ್ತದೆ. ಮಾರಿದ ಕಾಲದಲ್ಲಿ ಈ ತಲೆನೋವು ಇರಲಿಲ್ಲ, ಅಲ್ವಾ? 2015ರಲ್ಲಿ ಆಮ್ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣ ದೀಪಗಳನ್ನು ಕೊಳ್ಳದೆ ಬೆಳಕಿಗೆ ಮಾತ್ರ ದುಡ್ಡು ಕೊಡುವ ಒಪ್ಪಂದ ಮಾಡಿಕೊಂಡಿತು. ದೀಪ ಫಿಲಿಪ್ಸ್‌ದೇ ಆಗಿ ಉಳಿಯಿತು. ಅದಕ್ಕೆ ಫಿಲಿಪ್ಸ್ ಮಾಡಿದ ದೀಪಗಳಲ್ಲಿ ಕೆಟ್ಟ ಭಾಗ ಒಂದನ್ನೇ ಬದಲಾಯಿಸಬಹುದಿತ್ತು, ಮಾಮೂಲಿಗಿಂತ 75 ಶೇಕಡಾ ಹೆಚ್ಚು ಬಾಳಿಕೆ ಬರುತ್ತವೆ ಅಂತ ಹೇಳಿದ್ದರು. ನೀವೂ ಹಾಗೇ ಯೋಚಿಸಿ. ಏರ್‌ಎಂಡ್ (ಗಾಳಿ ಒತ್ತುವ ಸ್ಕ್ರೂ ಇರುವ ಭಾಗ), ಮೋಟರ್, ಕಂಟ್ರೋಲ್ ಬೋರ್ಡ್ ಮೂರಕ್ಕೂ ಬೇರೆ ಬೇರೆ ಸೀರಿಯಲ್ ನಂಬರ್, ಬೇರೆ ಬೇರೆ ಹಿಸ್ಟರಿ. ವೆಲ್ಡಿಂಗ್ ಬದಲು ಬೋಲ್ಟ್. ಬಣ್ಣ ಬಳಿದ ಹೊರಕವಚ ಬೇಗ ಹಳೆಯದಾಗಿ ಕಾಣುತ್ತದೆ, ಅದನ್ನು ಅಗ್ಗದ, ಸುಲಭವಾಗಿ ಬದಲಾಗುವ ಪ್ಯಾನೆಲ್ ಆಗಿ ಇಡಿ.

ದುಡ್ಡು, ಸೇಲ್ಸ್, ಮೊದಲ ಗ್ರಾಹಕರು

ಎಲ್ಲ ಸರಿ ಮಾಡಿದರೂ ಲಾಭ ತಾನಾಗೇ ಬರುವುದಿಲ್ಲ. 2008ರಲ್ಲಿ ಸಂಶೋಧಕ ಆಂಡಿ ನೀಲಿ ಬಹಳಷ್ಟು ತಯಾರಿಕಾ ಕಂಪನಿಗಳ ಲೆಕ್ಕ ಹಿಡಿದು ನೋಡಿದಾಗ, ಸರ್ವಿಸ್ ಕಡೆ ಹೊರಳಿದವರ ವಹಿವಾಟು ದೊಡ್ಡದು, ಆದರೆ ವಹಿವಾಟಿಗೆ ಹೋಲಿಸಿದರೆ ಲಾಭ ಕಡಿಮೆ ಅನ್ನುವುದು ಕಂಡಿತ್ತು. ಮಿಶೆಲಿನ್ 2000ದಲ್ಲಿ ಟೈರ್ ಮಾರುವ ಬದಲು ಟೈರ್ ಓಡಿದ ಕಿಲೋಮೀಟರ್ ಮಾರಲು ಹೊರಟಾಗಲೂ ಮೊದಲ ವರ್ಷಗಳು ಕಷ್ಟದವೇ ಆಗಿದ್ದವು.

ಕಾರಣ ಊಹಿಸಬಹುದು. ಮೆಷಿನ್ ಕಟ್ಟಿದ ದುಡ್ಡು ಇವತ್ತು ಹೋಗುತ್ತದೆ, ತಿಂಗಳ ದುಡ್ಡು ವರ್ಷಗಟ್ಟಲೆ ಚೂರು ಚೂರಾಗಿ ಬರುತ್ತದೆ. ಮಧ್ಯದ ಬಂಡವಾಳ ಯಾರು ಹಾಕುತ್ತಾರೆ ಅಂತ ಬ್ಯಾಂಕಿನವರ ಜೊತೆ ಮೊದಲೇ ಮಾತಾಡಿ. ಸೇಲ್ಸ್‌ನವರ ಕಮಿಷನ್ ಮೆಷಿನ್ ಬೆಲೆಯ ಮೇಲೇ ಇದ್ದರೆ ಅವರು ಸರ್ವಿಸ್ ಒಪ್ಪಂದದ ಸುದ್ದಿಯನ್ನೇ ಎತ್ತುವುದಿಲ್ಲ, ಅವರ ತಪ್ಪೂ ಅಲ್ಲ. ಕಮಿಷನ್ ಮೊದಲು ಬದಲಾಯಿಸಿ.

ಮೊದಲ ಗ್ರಾಹಕರಾಗಿ ದೊಡ್ಡ ಹೆಸರಿನವರನ್ನು ಹುಡುಕಬೇಡಿ. ಹತ್ತಿರದಲ್ಲಿರುವ, ತಮ್ಮ ಆಪರೇಟರ್ ಜೊತೆ ನಿಮ್ಮವರು ನೇರವಾಗಿ ಮಾತಾಡಲು ಬಿಡುವ ಫ್ಯಾಕ್ಟರಿ ಸಾಕು. ಅಲ್ಲಿ ಕಂಪ್ರೆಸರ್ ಕೂರಿಸುವ ಮೊದಲು ಎರಡು ವಾರ ಬರೀ ಫ್ಲೋ ಮೀಟರ್ ಹಾಕಿ ಗಾಳಿಯ ಬಳಕೆ ಬರೆದುಕೊಳ್ಳಿ. ರಜೆ ದಿನದ ರಾತ್ರಿ ಮೀಟರ್ ಎಷ್ಟು ತೋರಿಸುತ್ತದೋ ಅದೇ ಅವರ ಲೀಕ್. ಪೈಲಟ್ ಒಪ್ಪಂದ ಹನ್ನೆರಡು ತಿಂಗಳಿಗಿಂತ ಕಡಿಮೆ ಇರಬಾರದು, ಅದರೊಳಗೆ ಒಂದು ಪೂರ್ತಿ ಬೇಸಿಗೆ ಸಿಗಬೇಕು. ಕೂಲರ್ ಸಾಕಾಗುತ್ತದೋ ಇಲ್ಲವೋ ಅನ್ನುವುದು ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ.