ಕುಕ್ಕರ್ ಕೂಗಿದರೆ ಮಂಚದಡಿ ಸೇರುತ್ತಿದ್ದ ಮರಿ

ಬೀದಿಯಲ್ಲಿ ಸಿಕ್ಕ ಕೆಂಚಿ ಮನೆಗೆ ಬಂದಾಗ 9 ವಾರದ ನಾಯಿಮರಿ. ಕುಕ್ಕರ್ ಕೂಗಿದರೆ ಸಾಕು, ಬಾಲ ಮುದುರಿಕೊಂಡು ಮಂಚದಡಿ ಸೇರುತ್ತಿದ್ದಳು. ನಾನು ಎಳೆದು ಹೊರಗೆ ತರುತ್ತಿದ್ದೆ. ಅದೇ ತಪ್ಪಾಗಿದ್ದು. ಎಳೆದಷ್ಟೂ ಭಯ ಜಾಸ್ತಿಯಾಯಿತು.

ಆಮೇಲೆ ಆ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕಿವಿ ನಿಮಿರಿಸಿ ಸುಮ್ನೆ ಇರುವಷ್ಟು ಮೆಲ್ಲಗೆ ಹಾಕಿ, ಶಬ್ದ ಬಂದ ಕೂಡಲೇ ಬೇಯಿಸಿದ ಕೋಳಿಯ ಚೂರು ಕೊಟ್ಟೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಸೌಂಡ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದೆ, ಬೆದರಿದ ದಿನ ಮತ್ತೆ ಇಳಿಸಿದೆ. ಅವಸರ ಮಾಡಲೇಬಾರದು. ನಿಜವಾದ ಕುಕ್ಕರ್ ಇಡುವ ಹೊತ್ತಿಗೆ ಅವಳು ಟೆರೇಸಿನಲ್ಲಿ, ಹಳೇ ಟವೆಲ್‌ನಲ್ಲಿ ಸುತ್ತಿಟ್ಟ ತಿಂಡಿಯನ್ನು ಮೂಗಿನಿಂದ ಬಿಚ್ಚುತ್ತಾ ಕೂತಿರುತ್ತಿದ್ದಳು.

3ರಿಂದ ಸುಮಾರು 14 ವಾರದವರೆಗೆ ಮರಿಗಳು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ. ಆ ಸಮಯ ಕೈ ಬಿಟ್ಟು ಹೋಗಬಾರದು, ಅಲ್ವಾ? ಆದರೆ ಲಸಿಕೆ ಪೂರ್ತಿಯಾಗಿರಲಿಲ್ಲ, ನಾಯಿಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೋ ಎಂಬ ವೈರಸ್ ಕಾಯಿಲೆಯ ಭಯ. ಹಾಗಾಗಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ಹೂವಿನ ಅಂಗಡಿ, ಬಸ್ ಸ್ಟಾಪ್, ಶಾಲೆ ಬಿಡುವ ಹೊತ್ತಿನ ಗದ್ದಲ ಎಲ್ಲ ತೋರಿಸಿದೆ.

ನಾಲ್ಕನೇ ವಾರ, ಅವಳು ಮನೆಯೊಳಗಿದ್ದಾಗಲೇ ಕುಕ್ಕರ್ ಕೂಗಿತು. ಕೆಂಚಿ ಅಡುಗೆಮನೆ ಹೊಸ್ತಿಲಿಗೆ ಓಡಿಬಂದು ಕೂತು, ನನ್ನ ಕೈಯನ್ನೇ ನೋಡಿದಳು. ಕಣ್ಣು ತುಂಬಿ ಬಂತು. ಆವತ್ತು ಎರಡು ಚೂರು ಕೊಟ್ಟೆ.