262 ಜನ ಅಂತ ಯಾರು ಎಣಿಸಿದ್ದು?

ಈ ಪ್ರಶ್ನೆ ನನ್ನ ಮಗಳದ್ದು. ಆಗ ಅವಳು ಆರನೇ ಕ್ಲಾಸು. ಮಿನ್ನೆಸೋಟದ ಶಾಲೆಗಳಲ್ಲಿ ಆ ವರ್ಷ ರಾಜ್ಯದ ಇತಿಹಾಸ ಕಲಿಸುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಕಾದಿದ ಫಸ್ಟ್ ಮಿನ್ನೆಸೋಟ ಅನ್ನುವ ವಾಲಂಟಿಯರ್ ಕಾಲಾಳು ರೆಜಿಮೆಂಟಿನ ಬಗ್ಗೆ ಅವಳು ಒಂದು ಪುಟ ಬರೆಯಬೇಕಿತ್ತು. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಜೋರಾಗಿ ಓದಿದಳು. 1863ರ ಜುಲೈ 2ರ ಸಂಜೆ ಗೆಟಿಸ್‌ಬರ್ಗ್ ಕಾಳಗದಲ್ಲಿ 262 ಜನ ಶತ್ರುವಿನ ಮೇಲೆ ಏರಿ ಹೋದರು. 215 ಜನ ಸತ್ತರು ಇಲ್ಲವೇ ಗಾಯಗೊಂಡರು. ಉಳಿದವರು 47. ಓದಿ ಮುಗಿಸಿ ತಲೆ ಎತ್ತಿ ಕೇಳಿದಳು: "ಅಪ್ಪಾ, ಅಷ್ಟೊಂದು ಗುಂಡಿನ ಮಧ್ಯೆ 262 ಜನ ಅಂತ ಯಾರು ಎಣಿಸಿದ್ದು?"

ನನಗೆ ಗೊತ್ತಿರಲಿಲ್ಲ. ಅವಳು ಪುಟ ಬರೆದು ಮುಗಿಸಿ ಶಾಲೆಗೆ ಕೊಟ್ಟಳು. ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಅದಾಗಿ ನಾಲ್ಕು ವರ್ಷ ಆಯಿತು. ನಾನು ಇತಿಹಾಸ ಓದಿದವನಲ್ಲ, ನನ್ನದು ಸಾಫ್ಟ್‌ವೇರ್ ಕೆಲಸ. ಆದರೂ ಶನಿವಾರ ಭಾನುವಾರಗಳನ್ನು, ಸುಮಾರು ರಜೆಗಳನ್ನು ಈ ರೆಜಿಮೆಂಟಿನ ಕಾಗದಗಳ ಜೊತೆ ಕಳೆದಿದ್ದೇನೆ. ಹೇಗೆ ಹುಡುಕಿದೆ, ಎಲ್ಲಿ ಎಡವಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾಲಂಟಿಯರ್ ರೆಜಿಮೆಂಟ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಬೇಕು. ಕಾಗದ ಎಲ್ಲಿ ಸಿಗುತ್ತದೆ ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕೇಂದ್ರದ ಖಾಯಂ ಸೈನ್ಯ ತೀರಾ ಚಿಕ್ಕದು. ಹಾಗಾಗಿ ರಾಜ್ಯಗಳ ಗವರ್ನರ್‌ಗಳು ಜನರನ್ನು ಕೂಡಿಸಿ ಕೊಡುತ್ತಿದ್ದರು. ಮಿನ್ನೆಸೋಟದ ಗವರ್ನರ್ ಅಲೆಕ್ಸಾಂಡರ್ ರಾಮ್ಸೆ 1861ರ ಏಪ್ರಿಲ್ 14ರಂದು ವಾಷಿಂಗ್ಟನ್‌ನಲ್ಲೇ ಇದ್ದರು. ಕೇಂದ್ರದ ಸಮ್ಟರ್ ಕೋಟೆ ದಕ್ಷಿಣದ ಬಂಡಾಯಗಾರರ ಕೈಗೆ ಬಿದ್ದ ಸುದ್ದಿ ಕೇಳಿ ಅಲ್ಲೇ 1000 ಜನರನ್ನು ಕೊಡುತ್ತೇನೆ ಅಂತ ಬರೆದುಕೊಟ್ಟರು. ಆ ತಿಂಗಳ 29ಕ್ಕೆ ಫೋರ್ಟ್ ಸ್ನೆಲಿಂಗ್‌ನಲ್ಲಿ ರೆಜಿಮೆಂಟ್ ಪ್ರಮಾಣವಚನ ತೆಗೆದುಕೊಂಡಿತು. ರೆಜಿಮೆಂಟಿನೊಳಗಿನ ಒಂದೊಂದು ತುಕಡಿ, ಅಂದರೆ ಕಂಪನಿ, ಒಂದೊಂದು ಊರಿನದು. ಸ್ಟಿಲ್‌ವಾಟರ್‌ನದು ಬಿ, ರೆಡ್ ವಿಂಗ್‌ನದು ಎಫ್, ವಿನೋನಾದ್ದು ಕೆ. ಅಣ್ಣ ತಮ್ಮ, ಮೇಷ್ಟ್ರು, ಮರ ಕೊಯ್ಯುವವರು ಎಲ್ಲ ಒಟ್ಟಿಗೆ ಹೊರಟವರು.

ಅಂದರೆ ಕಾಗದ ಮೂರು ಕಡೆ ಹಂಚಿಹೋಗಿದೆ. ಹುಟ್ಟಿದ ಊರಲ್ಲಿ, ರಾಜ್ಯದ ದಫ್ತರದಲ್ಲಿ, ಕೇಂದ್ರದಲ್ಲಿ. ಒಂದು ಕಡೆ ನೋಡಿ ಮುಗಿಯಿತು ಅಂದುಕೊಂಡರೆ ಕೆಟ್ಟೆವು.

ನಾನು ಹಾಗೇ ಕೆಟ್ಟಿದ್ದು. ಮೊದಲ ಆರು ತಿಂಗಳು ಕಂಪ್ಯೂಟರ್ ಮುಂದೆ ಕೂತು ಯಾರ್‍ಯಾರೋ ಟೈಪ್ ಮಾಡಿ ಹಾಕಿದ ಹೆಸರಿನ ಪಟ್ಟಿಗಳನ್ನು ಒಂದು ಎಕ್ಸೆಲ್ ಹಾಳೆಗೆ ತುಂಬಿಸಿದೆ. ಯಾವ ಸಾಲು ಎಲ್ಲಿಂದ ಬಂತು ಅಂತ ಬರೆದಿಟ್ಟುಕೊಳ್ಳಲಿಲ್ಲ. ಒಂದೇ ಅಡ್ಡಹೆಸರಿನ ಇಬ್ಬರನ್ನು ಒಬ್ಬನೇ ಅಂದುಕೊಂಡು, ಒಬ್ಬನ ಗಾಯವನ್ನು ಇನ್ನೊಬ್ಬನ ಲೆಕ್ಕಕ್ಕೆ ಹಾಕಿದ್ದೆ. ಆ ಕುಟುಂಬದ ಹಿರಿಯರೊಬ್ಬರು ನೋಡಿ, "ನಮ್ಮ ಮುತ್ತಜ್ಜನಿಗೆ ಕಾಲು ನೆಟ್ಟಗೇ ಇತ್ತಲ್ಲ" ಅಂದಾಗ ಗೊತ್ತಾಗಿದ್ದು. ನನಗೆ ತುಂಬಾ ಬೇಜಾರಾಯಿತು. ಸತ್ತವರ ವಿಷಯದಲ್ಲಿ ತಪ್ಪು ಬರೆದರೆ ಅವರು ಬಂದು ತಿದ್ದಲಾರರು ಅಲ್ವಾ? ಆ ಹಾಳೆ ಪೂರ್ತಿ ಅಳಿಸಿದೆ. ಹೊಸದರಲ್ಲಿ ಪ್ರತಿ ಸಾಲಿಗೂ ಮೂರು ಕಾಲಂ ಜಾಸ್ತಿ ಹಾಕಿದೆ: ಇದನ್ನು ಬರೆದವರು ಯಾರು, ಯಾವಾಗ ಬರೆದರು, ಅವರಿಗೆ ಹೇಗೆ ಗೊತ್ತು. ಈ ಮೂರಕ್ಕೆ ಉತ್ತರ ಇಲ್ಲದಿದ್ದರೆ ಆ ಸಾಲಿಗೆ ಕೆಂಪು ಬಣ್ಣ.

262ನ್ನೂ ಅದೇ ಮೂರು ಕಾಲಂಗೆ ಹಾಕಿದೆ. ಗೆಟಿಸ್‌ಬರ್ಗ್‌ನ ಸ್ಮಾರಕದ ಮೇಲೆ ಆ ಸಂಖ್ಯೆ ಕೆತ್ತಿದ್ದಾರೆ. ಆದರೆ ಆ ಸ್ಮಾರಕ 1890ರ ದಶಕದ್ದು. ಇದನ್ನು ನೋಡಿದಾಗ ಹಾಸನದ ಕಡೆ ನಮ್ಮೂರಿನ ಕೆರೆ ಏರಿ ಮೇಲಿರುವ ವೀರಗಲ್ಲು ನೆನಪಾಯಿತು. ಕೆಳಗಿನ ಹಂತದಲ್ಲಿ ಕಾದಾಟ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ಸತ್ತವನ ಮೇಲಿನ ಪ್ರೀತಿಯಿಂದ ಉಳಿದವರು ನಿಲ್ಲಿಸಿದ ಕಲ್ಲು ಅದು. ಎದುರಾಳಿಗಳು ಎಷ್ಟು ಜನ ಇದ್ದರು ಅಂತ ಅದನ್ನು ಕೇಳಬಾರದು. ಗೆಟಿಸ್‌ಬರ್ಗ್‌ನ ಕಲ್ಲನ್ನೂ ನಾನು ಹಾಗೇ ಓದುತ್ತೇನೆ.

ಕಲ್ಲಿನಿಂದ ಹಿಂದಕ್ಕೆ ಹೋದರೆ ವಿಲಿಯಂ ಲಾಕ್ರೆನ್ ಸಿಗುತ್ತಾರೆ. ಇದೇ ರೆಜಿಮೆಂಟಿನಲ್ಲಿ ಲೆಫ್ಟಿನೆಂಟ್ ಆಗಿದ್ದವರು, ಮುಂದೆ ಕೇಂದ್ರದ ಪಿಂಚಣಿ ಕಮಿಷನರ್ ಆದರು, ನ್ಯಾಯಾಧೀಶರೂ ಆದರು. ಮಿನ್ನೆಸೋಟ ಸರ್ಕಾರ ತನ್ನ ರೆಜಿಮೆಂಟುಗಳ ಚರಿತ್ರೆಯನ್ನು ಎರಡು ಸಂಪುಟದಲ್ಲಿ ಅಚ್ಚು ಹಾಕಿಸಿತು. ಮೊದಲನೆಯದು ಬಂದಿದ್ದು 1890ರಲ್ಲಿ. ಅದರಲ್ಲಿ ಫಸ್ಟ್ ಮಿನ್ನೆಸೋಟದ ಕಥೆ ಲಾಕ್ರೆನ್ ಬರೆದದ್ದು. ಎಂಟು ಕಂಪನಿ, 262 ಜನ, 215 ನಷ್ಟ, 47 ಉಳಿಕೆ, ಎಲ್ಲ ಅದರಲ್ಲಿದೆ. ಕಣ್ಣಾರೆ ಕಂಡವರ ಮಾತು, ಸರಿ. ಆದರೆ ಕಂಡ 27 ವರ್ಷದ ಮೇಲೆ ಬರೆದದ್ದು.

ಇನ್ನೂ ಹಿಂದಕ್ಕೆ ಹೋಗಬೇಕಿತ್ತು. ಕೇಂದ್ರ ಸರ್ಕಾರ 1880ರಿಂದ 1901ರವರೆಗೆ ಯುದ್ಧದ ವರದಿ, ಪತ್ರಗಳನ್ನೆಲ್ಲ 128 ಪುಸ್ತಕಗಳಲ್ಲಿ ಅಚ್ಚು ಹಾಕಿದೆ. ಎಲ್ಲರೂ ಅದನ್ನು ಅಫಿಶಿಯಲ್ ರೆಕಾರ್ಡ್ಸ್ ಅಂತಲೇ ಕರೆಯುತ್ತಾರೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಗೆಟಿಸ್‌ಬರ್ಗ್ 27ನೇ ಸಂಪುಟದಲ್ಲಿದೆ. ರೆಜಿಮೆಂಟಿನ ವರದಿ ಬರೆದವರು ಕ್ಯಾಪ್ಟನ್ ಹೆನ್ರಿ ಕೋಟ್ಸ್. ಒಬ್ಬ ಕ್ಯಾಪ್ಟನ್ ಯಾಕೆ ಬರೆದರು ಅಂದರೆ, ಕರ್ನಲ್ ವಿಲಿಯಂ ಕೋಲ್ವಿಲ್ ಜುಲೈ 2ರ ಸಂಜೆ ಗಾಯಗೊಂಡು ಬಿದ್ದರು. ಅವರ ಜಾಗಕ್ಕೆ ಬಂದ ಕ್ಯಾಪ್ಟನ್ ಮೆಸಿಕ್ ಮರುದಿನ ಸತ್ತರು. ವರದಿಯ ಕೆಳಗಿನ ಸಹಿಯೇ ಅರ್ಧ ಕಥೆ ಹೇಳುತ್ತದೆ.

ಅದೇ ಸಂಪುಟದ ನಷ್ಟದ ಕೋಷ್ಟಕದಲ್ಲಿ ಈ ರೆಜಿಮೆಂಟಿನ ಎದುರು ಹೀಗಿದೆ: ಸತ್ತವರು 50, ಗಾಯಗೊಂಡವರು 173, ಕಾಣೆಯಾದವರು 1. ಒಟ್ಟು 224. ಇದು ಇಡೀ ಕಾಳಗದ ಲೆಕ್ಕ, ಒಂದು ಸಂಜೆಯದಲ್ಲ. ಆ ಸಂಜೆಗೇ 215 ಹೋದರೆ ಮಿಕ್ಕದ್ದಕ್ಕೆಲ್ಲ ಒಂಬತ್ತೇ ಉಳಿಯುತ್ತದೆ. ಮರುದಿನ ದಕ್ಷಿಣದ ಜನರಲ್ ಪಿಕೆಟ್‌ನ ಸೈನ್ಯ ನುಗ್ಗಿ ಬಂದಾಗ ಇವರು ಮತ್ತೆ ಮುಂಚೂಣಿಯಲ್ಲಿದ್ದರು, ಇಬ್ಬರು ಕ್ಯಾಪ್ಟನ್‌ಗಳನ್ನೇ ಕಳೆದುಕೊಂಡರು. ಆ ಒಂಬತ್ತು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಂತ ಸುಮ್ನೆ ಲಾಕ್ರೆನ್ ತಪ್ಪು ಅಂದುಬಿಡುವುದೂ ಸರಿಯಲ್ಲ. ಹೆಸರು ಹಿಡಿದು ಎಣಿಸಿ ನೋಡೋಣ ಅನ್ನಿಸಿತು.

ಇಲ್ಲಿ ಮಸ್ಟರ್ ರೋಲ್ ಕೈ ಹಿಡಿಯಿತು. ಈ ಮಾತು ನಮ್ಮವರಿಗೆ ಹೊಸದಲ್ಲ. ಲೋಕೋಪಯೋಗಿ ಇಲಾಖೆಯ ಕೂಲಿಯವರ ಹಾಜರಿ ಪುಸ್ತಕಕ್ಕೂ ಅದೇ ಹೆಸರು. ಆ ಸೈನ್ಯದಲ್ಲಿ ಎರಡು ತಿಂಗಳಿಗೊಮ್ಮೆ, ತಿಂಗಳ ಕೊನೇ ದಿನ, ಸಂಬಳಕ್ಕಾಗಿ ಹಾಜರಿ ಹಾಕುತ್ತಿದ್ದರು. 1863ರಲ್ಲಿ ಅಂಥ ಒಂದು ದಿನ ಜೂನ್ 30. ಆ ಸಂಜೆಗೆ ಸರಿಯಾಗಿ ಎರಡು ದಿನ ಮುಂಚೆ! ಅದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಜರಿದ್ದವರೆಲ್ಲ ಆ ಸಂಜೆ ಶತ್ರುವಿನ ಮೇಲೆ ಏರಿ ಹೋದವರಲ್ಲ. ಎಫ್ ಕಂಪನಿ ಬೇರೆ ಕಡೆ ಮುಂಗಾವಲಿಗೆ ಹೋಗಿತ್ತು. ಸಿ ಕಂಪನಿ ಡಿವಿಷನ್ನಿನ ಕಾವಲು ಕೆಲಸದಲ್ಲಿತ್ತು. ಗುರಿಯಿಟ್ಟು ಹೊಡೆಯುವವರ ಎಲ್ ಕಂಪನಿಯೂ ಜೊತೆಗಿರಲಿಲ್ಲ. ಗಾಡಿ ಹೊಡೆಯುವವರು, ಅಡುಗೆಯವರು, ಗಾಯಾಳುಗಳನ್ನು ಹೊರುವವರು ಬೇರೆ. ಒಬ್ಬೊಬ್ಬರನ್ನೇ ಕಳೆಯಬೇಕು.

ಒಬ್ಬೊಬ್ಬ ಸೈನಿಕನ ಸೇವಾ ಕಡತ ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಅದು ಮೂಲ ಕಾಗದ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ, ಅದು ನಕಲು. 1880ರ ದಶಕದಲ್ಲಿ ಪಿಂಚಣಿ ಅರ್ಜಿಗಳು ರಾಶಿ ಬಿದ್ದಿದ್ದವು. ಪ್ರತಿ ಅರ್ಜಿಗೂ ಹಳೇ ಮಸ್ಟರ್ ರೋಲ್ ಬಿಚ್ಚಿ ಬಿಚ್ಚಿ ಅವು ಹರಿಯತೊಡಗಿದ್ದವು. ಆಗ ಫ್ರೆಡ್ ಐನ್ಸ್‌ವರ್ತ್ ಅನ್ನುವ ಸೇನೆಯ ಡಾಕ್ಟರ ಉಸ್ತುವಾರಿಯಲ್ಲಿ ಗುಮಾಸ್ತರು ಒಂದೊಂದು ಹೆಸರಿಗೆ ಒಂದೊಂದು ಕಾರ್ಡ್ ಬರೆದು, ಒಬ್ಬನ ಕಾರ್ಡುಗಳನ್ನೆಲ್ಲ ಒಂದೇ ಲಕೋಟೆಗೆ ಹಾಕಿದರು. ಕಾರ್ಡಿನ ಕೆಳಗೆ ನಕಲು ಮಾಡಿದವನ ಹೆಸರೂ ಇರುತ್ತದೆ. ಕಾರ್ಡ್ ಏನು ಹೇಳುತ್ತದೋ ಅದನ್ನು ಆ ಗುಮಾಸ್ತನ ಕಣ್ಣಲ್ಲಿ ನೋಡುತ್ತಿದ್ದೇವೆ ಅನ್ನುವುದು ನೆನಪಿರಲಿ. ಗೆಟಿಸ್‌ಬರ್ಗ್‌ನಲ್ಲಿ ಗಾಯ ಅಂತ ಬರೆದ ಕೆಲವು ಕಾರ್ಡುಗಳಲ್ಲಿ ತಾರೀಖು 2 ಅಂತ ಇದೆ, ಕೆಲವುದರಲ್ಲಿ 3 ಅಂತ, ಇನ್ನು ಕೆಲವುದರಲ್ಲಿ ತಾರೀಖೇ ಇಲ್ಲ. 215ರ ಗಂಟು ಇರುವುದು ಆ ತಾರೀಖಿಲ್ಲದ ಕಾರ್ಡುಗಳಲ್ಲಿ.

ಹೆಸರುಗಳ ಕಾಟ ಬೇರೆ. ಸ್ವೀಡನ್, ನಾರ್ವೆ, ಜರ್ಮನಿಯಿಂದ ಬಂದವರ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ನಮ್ಮಲ್ಲಿ ರೇಷನ್ ಕಾರ್ಡಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವ ಹಾಗೆ. ಇದಕ್ಕೆ ನನಗೆ ಸಿಕ್ಕ ಒಳ್ಳೇ ಮದ್ದು ಅಂದರೆ ಟಿ289 ಅನ್ನುವ ಪಿಂಚಣಿ ಸೂಚಿ. ಬೇರೆ ಸೂಚಿಗಳು ಅಕ್ಷರಮಾಲೆಯ ಪ್ರಕಾರ ಇದ್ದರೆ, ಇದು ರೆಜಿಮೆಂಟ್, ಅದರೊಳಗೆ ಕಂಪನಿ ಪ್ರಕಾರ ಇದೆ. ಹೆಸರು ಹೇಗೇ ಬರೆದಿರಲಿ, ಇ ಕಂಪನಿಯವನು ಇ ಕಂಪನಿಯಲ್ಲೇ ಸಿಗುತ್ತಾನೆ. ಇದು ಮೊದಲೇ ಗೊತ್ತಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಪಿಂಚಣಿ ಕಡತಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವುಗಳನ್ನು ನೋಡಲೆಂದೇ ಎರಡು ದಿನ ರಜೆ ಹಾಕಿ ವಾಷಿಂಗ್ಟನ್‌ಗೆ ಹೋಗಿದ್ದೆ. ಓದುವ ಕೋಣೆಯೊಳಗೆ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಮೂರು ಮಡಿಕೆಯ ಕಾಗದಗಳ ಕಟ್ಟು ಬಂತು. ಗಂಡನನ್ನು ಕಳೆದುಕೊಂಡ ಹೆಂಗಸಿನ ಅರ್ಜಿ ಅದು. ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. ಅದು ಸಿಗಬೇಕಾದರೆ ಮದುವೆ ಆಗಿದ್ದಕ್ಕೆ, ಮಕ್ಕಳು ಹುಟ್ಟಿದ್ದಕ್ಕೆ ಪುರಾವೆ ಕೊಡಬೇಕಿತ್ತು. ಅವರ ಹತ್ತಿರ ಸರ್ಕಾರಿ ಕಾಗದ ಯಾವುದೂ ಇರಲಿಲ್ಲ. ಮನೆಯ ಬೈಬಲ್‌ನಿಂದ ಒಂದು ಹಾಳೆ ಹರಿದು ಕಳಿಸಿದ್ದಾರೆ. ಹೊಲಿಗೆಯ ಕಡೆ ಅಂಚು ಸೊಟ್ಟಗೆ ಹರಿದಿದೆ. ಮಕ್ಕಳು ಹುಟ್ಟಿದ ದಿನಗಳನ್ನು ಬೇರೆ ಬೇರೆ ಶಾಯಿಯಲ್ಲಿ ಬರೆದಿದೆ. ಆ ಹಾಳೆ ಮತ್ತೆ ಮನೆಗೆ ಹೋಗಲೇ ಇಲ್ಲ, ಇಂದಿಗೂ ಕಡತದಲ್ಲೇ ಇದೆ. ನಾನು ಅದನ್ನು ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದೆ. 215ರಲ್ಲಿ ಒಂದು ಅಂದರೆ ಇದು.

ಕಾಗದ ಓದುವಾಗ ಕಾಗದದಲ್ಲಿ ಇಲ್ಲದವರನ್ನೂ ನೆನೆಯಬೇಕು. ಈ ರೆಜಿಮೆಂಟ್ ಪ್ರಮಾಣವಚನ ತೆಗೆದುಕೊಂಡ ಫೋರ್ಟ್ ಸ್ನೆಲಿಂಗ್ ಕೆಳಗೇ 1862-63ರ ಚಳಿಗಾಲದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರ ಹೆಂಗಸರು ಮಕ್ಕಳನ್ನು ಕೂಡಿಹಾಕಿದ್ದರು. ಆಗ ಈ ರೆಜಿಮೆಂಟ್ ವರ್ಜೀನಿಯದಲ್ಲಿತ್ತು. ಆದರೂ ಆ ಕೋಟೆಯ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆಯಲು ನನ್ನಿಂದ ಆಗುವುದಿಲ್ಲ.

ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ಸಿಕ್ಕಿದ್ದು ಒಂದು ದಿನಚರಿಯಲ್ಲಿ. ಇ ಕಂಪನಿಯ ಐಸಾಕ್ ಟೇಲರ್ ಬರೆದದ್ದು. ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿ 1944ರಲ್ಲಿ ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿತು. ದಿನ ದಿನದ ನಡಿಗೆ, ಊಟ, ಮಳೆ ಎಲ್ಲ ಬರೆದುಕೊಂಡಿದ್ದಾನೆ. ಜುಲೈ 2ಕ್ಕೆ ಅವನ ಬರಹ ನಿಲ್ಲುತ್ತದೆ. ಆಮೇಲಿನ ಸಾಲುಗಳು ಅದೇ ಕಂಪನಿಯಲ್ಲಿದ್ದ ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಹೆನ್ರಿಯದು. ಈ ದಿನಚರಿಯ ಒಡೆಯ ಸೂರ್ಯ ಮುಳುಗುವ ಹೊತ್ತಿಗೆ ಶೆಲ್ ಬಡಿದು ಸತ್ತ, ಅವನ ಮುಖ ಶತ್ರುವಿನ ಕಡೆಗಿತ್ತು ಅಂತ ಬರೆದಿದ್ದಾನೆ. ಹೂತ ಜಾಗವನ್ನೂ ಅಳೆದು ಬರೆದಿದ್ದಾನೆ: ಹಮ್ಮೆಲ್‌ಬಾ ಮತ್ತು ಸ್ವಿಷರ್ ಅವರ ಮನೆಗಳ ಮುಂದೆ ಹೋಗುವ ರಸ್ತೆಯಿಂದ ಪಶ್ಚಿಮಕ್ಕೆ 350 ಹೆಜ್ಜೆ, ಎರಡೂ ಮನೆಗೆ ಸಮದೂರ, ಕಲ್ಲಿನ ಗೋಡೆಯ ಪಕ್ಕ. ಮುಂದೆ ಮನೆಯವರು ಯಾರಾದರೂ ಹುಡುಕಿಕೊಂಡು ಬಂದರೆ ಸಿಗಲಿ ಅಂತ ಇರಬೇಕು. ನಾನು ಓದಿದ ಯಾವ ಸರ್ಕಾರಿ ವರದಿಯಲ್ಲೂ ಇಷ್ಟು ಖಚಿತವಾದ ಸಾಲು ಇಲ್ಲ.

ಈಗ ನಾನು ಬರೆಯುವಾಗ "ಲಾಕ್ರೆನ್ ಹೇಳುವಂತೆ 262" ಅಂತ ಬರೆಯುತ್ತೇನೆ. ನನಗಿಂತ ಮುಂಚೆ ಹೆಸರು ಹಿಡಿದು ಎಣಿಸಿದವರು ನಷ್ಟದ ಪ್ರಮಾಣ ಅಷ್ಟು ಇರಲಿಲ್ಲ ಅಂದಿದ್ದಾರೆ, ನನ್ನ ಹಾಳೆಯೂ ಅದೇ ಕಡೆ ವಾಲುತ್ತಿದೆ. ಕೆಂಪು ಸಾಲುಗಳು ಇನ್ನೂ ಇವೆ. ಅವು ಮುಗಿಯುವವರೆಗೆ ನನ್ನ ಸಂಖ್ಯೆಯನ್ನು ಯಾರಿಗೂ ಹೇಳುವುದಿಲ್ಲ.

ಹೋದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಗೆಟಿಸ್‌ಬರ್ಗ್‌ಗೆ ಹೋಗಿದ್ದೆ. ಹಮ್ಮೆಲ್‌ಬಾ ಅವರ ಮನೆ ಈಗಲೂ ಇದೆ. ರಸ್ತೆಯ ಅಂಚಿನಿಂದ ಪಶ್ಚಿಮಕ್ಕೆ ಇಬ್ಬರೂ ಹೆಜ್ಜೆ ಎಣಿಸುತ್ತಾ ಹೊರಟೆವು. ನನ್ನ 350 ಮುಗಿದಾಗ ಅವಳು ನನಗಿಂತ ಸುಮಾರು ಹಿಂದೆಯೇ ನಿಂತಿದ್ದಳು, ಅವಳದ್ದೂ 350 ಆಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ಅಪ್ಪಾ, ಹೆನ್ರಿ ಎಷ್ಟು ಎತ್ತರ ಇದ್ದ?" ಅಂತ ಅಲ್ಲಿಂದಲೇ ಕೂಗಿ ಕೇಳಿದಳು.

ರೆಜಿಮೆಂಟಿನ ವಿವರಣೆ ಪುಸ್ತಕದಲ್ಲಿ ಪ್ರತಿಯೊಬ್ಬನ ಕಣ್ಣು, ಕೂದಲು, ಕಸುಬಿನ ಜೊತೆ ಎತ್ತರಕ್ಕೂ ಒಂದು ಕಾಲಂ ಇರುತ್ತದೆ. ಜೇಬಿನಿಂದ ಪೆನ್ಸಿಲ್ ತೆಗೆದು ಬರೆದುಕೊಂಡೆ.