ಆತಂಕದ ಜೊತೆ ಗುದ್ದಾಡುವ ಮುಂಚೆ ಹಾಲಿನ ಕ್ಯಾಲೆಂಡರ್ ನೋಡಿ

ಮೊದಲ ಒಂದು ವಾರ ಏನನ್ನೂ ಬದಲಿಸಬೇಡಿ. ಕಾಫಿ ಬಿಡಬೇಡಿ, ಯೋಗ ಕ್ಲಾಸಿಗೆ ದುಡ್ಡು ಕಟ್ಟಬೇಡಿ, ಬೆಳಗಿನ ನಾಲ್ಕೂವರೆಗೆ ಅಲಾರಂ ಇಡಬೇಡಿ. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರ ಚೌಕದಲ್ಲೇ ಪೆನ್ಸಿಲಿನಿಂದ ನಾಲ್ಕು ವಿಷಯ ಬರೆಯುತ್ತಾ ಹೋಗಿ. ಎಷ್ಟು ಗಂಟೆಗೆ ಎದ್ದಿರಿ, ಎಷ್ಟು ಲೋಟ ಕಾಫಿ-ಟೀ ಆಯಿತು, ಎಷ್ಟು ನಿಮಿಷ ನಡೆದಿರಿ, ಎದೆ ಡವಡವ ಅಂದದ್ದು ಯಾವಾಗ. ಅಷ್ಟೇ.

ನನ್ನ ಕ್ಯಾಲೆಂಡರಿನ ಒಂದು ಚೌಕ ಹೀಗಿತ್ತು: ‘ಅರ್ಧ ಲೀ. ಎದ್ದಿದ್ದು 8.40. ಕಾ 5. ನಡಿಗೆ 0. ಡವಡವ – ಸಂಜೆ 6, ರಾತ್ರಿ 2.30.’ ವಾರ ಮುಗಿದಾಗ ನೋಡಿದರೆ, ಗಾಬರಿ ಜೋರಾಗಿದ್ದ ದಿನಗಳಲ್ಲೆಲ್ಲ ಕಾಫಿ ಐದು ಲೋಟಕ್ಕೆ ಕಮ್ಮಿ ಇರಲಿಲ್ಲ. ಎಲ್ಲ ಆಫೀಸಿನ ಟೆನ್ಶನ್ ಅಂದುಕೊಂಡಿದ್ದೆ. ಟೆನ್ಶನ್ ಇತ್ತು, ಸುಳ್ಳಲ್ಲ. ಆದರೆ ಉರಿಯೋ ಬೆಂಕಿಗೆ ತುಪ್ಪ ಸುರಿಯುತ್ತಿದ್ದವನು ನಾನೇ.

ನಮ್ಮ ದೇಹಕ್ಕೆ ಗಾಬರಿಯ ಗಂಟೆ ಇರುವುದು ಒಂದೇ. ಹೆದರಿಕೆಯಾದರೂ ಅದೇ ಬಾರಿಸುತ್ತದೆ, ನಿದ್ದೆಗೆಟ್ಟರೂ ಅದೇ, ಊಟ ತಪ್ಪಿದರೂ ಅದೇ. ಯಾರು ಬಾರಿಸಿದರು ಅಂತ ಗೊತ್ತಾಗದೆ ಮನಸ್ಸಿನ ಮೇಲೆ ಹೋರಾಟಕ್ಕೆ ಇಳಿದರೆ ಸುಮ್ನೆ ಸುಸ್ತು.

ಅದೇ ವಾರದಲ್ಲಿ ಒಮ್ಮೆ ಡಾಕ್ಟರ ಹತ್ತಿರ ಹೋಗಿಬನ್ನಿ. ಥೈರಾಯ್ಡ್ ಜಾಸ್ತಿಯಾದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತುವುದಿಲ್ಲ. ರಕ್ತ ಕಡಿಮೆ ಇದ್ದರೂ ಎದೆ ಡವಗುಟ್ಟುತ್ತದೆ. ಉಬ್ಬಸಕ್ಕೆ ತೆಗೆದುಕೊಳ್ಳುವ ಕೆಲವು ಔಷಧಿಗಳಿಂದಲೂ ಹೀಗಾಗಬಹುದು. ಇವನ್ನೆಲ್ಲ ಮನೆಯಲ್ಲಿ ಕೂತು ಊಹಿಸಲಾಗುವುದಿಲ್ಲ. ಎದೆ ನೋವು ಹೊಸದಾಗಿ ಶುರುವಾಗಿ ಕೈಗೋ ದವಡೆಗೋ ಹರಡುತ್ತಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಕೂಡಲೇ ಆಸ್ಪತ್ರೆಗೆ ಹೊರಡಿ.

ಕಾಫಿಯ ಪಂಚಾಯಿತಿ

ಎರಡನೇ ವಾರ ಕಾಫಿಗೆ ಕೈ ಹಾಕಿ. ಬಿಡಿ ಅನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗುವುದಕ್ಕೇ ಸಾಮಾನ್ಯವಾಗಿ 5 ಗಂಟೆ ಬೇಕು. ಸಂಜೆ ಐದಕ್ಕೆ ಒಂದು ಲೋಟ ಕುಡಿದರೆ ರಾತ್ರಿ ಹತ್ತಕ್ಕೆ ಅರ್ಧ ಲೋಟ ಇನ್ನೂ ಮೈಯಲ್ಲೇ ಇದೆ ಅಂತ ಲೆಕ್ಕ. ಕೆಲವರಿಗೆ ಇದು ಬೇಗ ಕರಗುತ್ತದೆ, ಗರ್ಭಿಣಿಯರಿಗೆ ತುಂಬಾ ನಿಧಾನ. ‘ನಾನು ರಾತ್ರಿ ಕಾಫಿ ಕುಡಿದೂ ಮಲಗ್ತೀನಪ್ಪ’ ಅನ್ನುವ ಭಾವನ ಮಾತು ಅವರಿಗೆ ಸರಿ ಇರಬಹುದು. ನಿಮಗಲ್ಲ.

ಒಮ್ಮೆಗೇ ನಿಲ್ಲಿಸಿದರೆ ಮಾರನೇ ದಿನ ತಲೆ ಸಿಡಿಯುತ್ತದೆ, ಮನೆಮಂದಿಗೆಲ್ಲ ನಿಮ್ಮ ಸಿಡುಕು. ಅದಕ್ಕೆ ಎರಡು ಉಪಾಯ. ಒಂದು, ನಮ್ಮ ದರ್ಶಿನಿಗಳು ಕಲಿಸಿದ್ದೇ: ಬೈಟು. ಮನೆಯಲ್ಲೂ ಬೈಟು ಮಾಡಿ. ಲೋಟಗಳ ಸಂಖ್ಯೆ ಅಷ್ಟೇ ಇರಲಿ, ಪ್ರತಿ ಲೋಟ ಅರ್ಧ. ಕೈಗೆ ಬಿಸಿ ಲೋಟ ಸಿಕ್ಕಿದರೆ ಅರ್ಧ ಚಟ ತೀರುತ್ತದೆ. ಇನ್ನೊಂದು, ಪುಡಿ ಅಂಗಡಿಯಲ್ಲಿ ಚಿಕೋರಿ ಸ್ವಲ್ಪ ಜಾಸ್ತಿ ಹಾಕಿಸಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಾಫಿ-ಚಿಕೋರಿ 80:20 ಕುಡಿಯುವವರು 60:40ಕ್ಕೆ ಬಂದರೆ, ಅಷ್ಟೇ ಚಮಚ ಪುಡಿ ಹಾಕಿದಾಗ ಕಾಫಿಬೀಜದ ಪಾಲು ಕಾಲು ಭಾಗ ಇಳಿಯುತ್ತದೆ. ರುಚಿ ಬಗ್ಗೆ ತಕರಾರು ಬರುತ್ತದೆ, ಬರಲಿ. ಮಧ್ಯಾಹ್ನ ಎರಡರ ನಂತರ ಕಾಫಿ ಇಲ್ಲ ಅನ್ನುವ ನಿಯಮ ಮೂರನೇ ವಾರಕ್ಕೆ ಸಾಕು.

ಏಳುವ ಹೊತ್ತು

ಮಲಗುವ ಹೊತ್ತು ನಮ್ಮ ಕೈಲಿಲ್ಲ, ಏಳುವ ಹೊತ್ತು ಇದೆ. ಭಾನುವಾರವೂ ಸೇರಿ ಒಂದೇ ಸಮಯಕ್ಕೆ ಏಳಿ. ರಾತ್ರಿ ಕೆಟ್ಟದಾಗಿ ಹೋಗಿದ್ದರೂ ಸರಿ. ಸುಮಾರು 20 ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಹಾಲ್‌ಗೆ ಹೋಗಿ, ಮಂದ ಬೆಳಕಿನಲ್ಲಿ ಏನಾದರೂ ಬೋರಿಂಗ್ ಕೆಲಸ ಮಾಡಿ. ನಾನು ಒಗೆದ ಬಟ್ಟೆ ಮಡಿಸುತ್ತೇನೆ. ನಿದ್ದೆ ತೂಗಿದಾಗ ಹಾಸಿಗೆಗೆ ವಾಪಸ್. ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಅಂತ ಮೆದುಳು ಕಲಿಯಬಾರದು. ಫೋನ್ ಇನ್ನೊಂದು ಕೋಣೆಯಲ್ಲಿ ಚಾರ್ಜ್ ಆಗಲಿ. ಅದರ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ ಅಲ್ವಾ?

ಮೆಟ್ಟಿಲು ಹತ್ತಿ, ಎದೆ ಮುಟ್ಟಿ ನೋಡಿ

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 25 ನಿಮಿಷವೂ ಆಗುವುದಿಲ್ಲ. ಆತಂಕದವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಡಾಕ್ಟರು ಹೃದಯ ಸರಿ ಇದೆ ಅಂದಮೇಲೆ ಎರಡು ಮಹಡಿ ಬೇಗಬೇಗ ಹತ್ತಿ, ಮೇಲೆ ನಿಂತು ಎದೆ ಮೇಲೆ ಕೈ ಇಡಿ. ಹೊಡೆದುಕೊಳ್ಳುತ್ತಿದೆ, ಬೆವರು ಬಂದಿದೆ, ಉಸಿರು ಮೇಲೆ ಕೆಳಗೆ. ಗಾಬರಿಯಾದಾಗ ಆಗುವುದೂ ಹೆಚ್ಚುಕಮ್ಮಿ ಇದೇ. ಮೂರು ನಿಮಿಷ ಸುಮ್ಮನೆ ನಿಂತರೆ ತಾನೇ ಇಳಿಯುತ್ತದೆ. ಇದನ್ನು ಹತ್ತು ಸಲ ನೋಡಿದ ಮೇಲೆ, ಮೀಟಿಂಗಿನಲ್ಲಿ ಎದೆ ಧಡಧಡ ಅಂದಾಗ ‘ಅಯ್ಯೋ ಏನೋ ಆಗ್ತಿದೆ’ ಬದಲು ‘ಎದೆ ಹೊಡ್ಕೊಳ್ತಿದೆ, ಇಳಿಯುತ್ತೆ’ ಅನ್ನುವ ಮಾತು ಬಾಯಿಗೆ ಬರುತ್ತದೆ. ಕೂತಲ್ಲಿ ಹೇಳಿಕೊಂಡ ಧೈರ್ಯಕ್ಕಿಂತ ಹತ್ತಿ ಇಳಿದು ಕಂಡ ಧೈರ್ಯ ಗಟ್ಟಿ.

ಚಿಂತೆಗೊಂದು ಟೈಮು

‘ಯೋಚನೆ ಮಾಡಬೇಡ’ ಅಂತ ಹೇಳುವವರಿಗೆ ಕಮ್ಮಿ ಇಲ್ಲ. ಯಾರಿಗಾದರೂ ಅದರಿಂದ ಯೋಚನೆ ನಿಂತಿದ್ದು ನಾನಂತೂ ಕಂಡಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಇದನ್ನೇ ತಿರುಗಿಸಿದರು. ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ ಮನಸಾರೆ ಚಿಂತೆ ಮಾಡಿ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ‘ಸಂಜೆ ಬಾ’ ಅಂತ ಮುಂದೂಡಿ.

ಒಂದು ಹಳೇ ನೋಟ್‌ಬುಕ್‌ನಲ್ಲಿ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿ. ಎಡಗಡೆ ಚಿಂತೆ, ಬಲಗಡೆ ನಾಳೆ ಮಾಡಬಹುದಾದ ಒಂದು ಕೆಲಸ. ‘ಮಗಳ ಫೀಸ್ ಕಟ್ಟೋದು ಹೇಗೆ’ ಎದುರಿಗೆ ‘ಸ್ಕೂಲ್ ಆಫೀಸಲ್ಲಿ ಕಂತು ಕೇಳೋದು’. ‘ಅಮ್ಮನಿಗೆ ಏನಾದರೂ ಆದರೆ’ ಎದುರಿಗೆ ಏನೂ ಹೊಳೆಯದಿದ್ದರೆ ಖಾಲಿ ಬಿಡಿ. ನಡುರಾತ್ರಿ ಆ ಎರಡೂ ಒಂದೇ ಗಾತ್ರ ಕಾಣುತ್ತಿದ್ದವು. ಕಾಗದದ ಮೇಲೆ ಹಾಗಿರುವುದಿಲ್ಲ. ಈ ಕೆಲಸ ಮಲಗುವ ಮುಂಚೆ ಬೇಡ, ಸಂಜೆಯೇ ಮುಗಿಯಲಿ.

ಇವೆಲ್ಲ 21 ದಿನದಲ್ಲಿ ಅಭ್ಯಾಸ ಆಗುತ್ತವೆ ಅನ್ನುವ ಮಾತು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ಅನ್ನುವ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಹೊಸ ಅಭ್ಯಾಸವನ್ನು ಹಳೆಯದಕ್ಕೆ ಗಂಟು ಹಾಕಿ: ಒಲೆ ಮೇಲೆ ಹಾಲಿಟ್ಟ ತಕ್ಷಣ ಕ್ಯಾಲೆಂಡರ್ ಬರೆಯುವುದು, ತಿಂಡಿ ಆದ ತಕ್ಷಣ ಚಪ್ಪಲಿ ಮೆಟ್ಟುವುದು.

ಆತಂಕ ಪೂರ್ತಿ ಹೋಗಲಿ, ಆಮೇಲೆ ಮುಂದಿನ ಹೆಜ್ಜೆ ಅಂತ ಕಾಯಬೇಡಿ. ಕ್ಯಾಲೆಂಡರ್ ಓದೋಕೆ ಬೋರ್ ಆಗುವಷ್ಟು ಒಂದೇ ತರ ಆಯಿತು ಅಂದರೆ ನೆಲ ಸಿದ್ಧವಾಗಿದೆ. ಈಗ ತಪ್ಪಿಸಿಕೊಳ್ಳುತ್ತಿದ್ದ ಒಂದು ಚಿಕ್ಕ ಕೆಲಸ ಹಿಡಿಯಿರಿ. ಗೊತ್ತಿಲ್ಲದ ನಂಬರಿನ ಫೋನ್ ಎತ್ತದೆ ಬಿಟ್ಟಾಗಲೆಲ್ಲ ನಿರಾಳ ಅನಿಸುತ್ತದೆ, ಆದರೆ ಮುಂದಿನ ಸಲ ಹೆದರಿಕೆ ಇನ್ನಷ್ಟು ದಪ್ಪ ಆಗಿರುತ್ತದೆ. ದಿನಕ್ಕೆ ಒಂದು ಫೋನ್ ಎತ್ತಿ. ದೊಡ್ಡ ಹೆದರಿಕೆಗಳಿಗೆ ಆಪ್ತಸಮಾಲೋಚಕರ ಜೊತೆಗೆ ಇಳಿಯುವುದು ಒಳ್ಳೆಯದು.

ಕೆಲವರು ಈ ವಾರಗಳ ಲೆಕ್ಕಕ್ಕೆ ಕಾಯಲೇಬಾರದು. ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಊಟ ಸೇರುತ್ತಿಲ್ಲ, ಕುಡಿತದಿಂದ ಗಾಬರಿ ತಣಿಸಿಕೊಳ್ಳುತ್ತಿದ್ದೀರಿ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಹೋಗುವಾಗ ಕ್ಯಾಲೆಂಡರಿನ ಹಾಳೆ ಹರಿದು ಜೇಬಿಗೆ ಹಾಕಿಕೊಳ್ಳಿ. ‘ಯಾವಾಗಿಂದ ಹೀಗೆ?’ ಅಂತ ಕೇಳಿದಾಗ ತಡವರಿಸುವುದು ಬೇಡ, ಅದನ್ನೇ ಕೈಗೆ ಕೊಡಿ. ಹಾಲಿನವರ ಬಾಕಿ ಮಾತ್ರ ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ.